ಅಮರಶಿಲ್ಪಿಯೂ ಚಿತ್ರಬ್ರಹ್ಮನೂ: ಶ್ರೇಷ್ಠ ನಿರ್ದೇಶಕನಾರೆಂಬ ವಿವಾದಕ್ಕೆ ಹಾಸನ ಸೀಮೆಯ ಸಾಕ್ಷ್ಯ

1

ಚಲಚ್ಚಿತ್ರ ನಿರ್ದೇಶಕರಲ್ಲಿ ಎಲ್ಲ ಕಾಲಕ್ಕೂ ಶ್ರೇಷ್ಠನಾದವನು ಯಾರು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಇತಿಹಾಸದ ವ್ಯಾಸಂಗಕ್ಕೆ ಒಳಪಡತಕ್ಕುದಲ್ಲ. ಅದು ರುಚಿಯ ವಿಷಯ, ಬಿಡುವಿನ ವೇಳೆಯ ಹರಟೆಯ ವಿಷಯ ಎಂದು ಅದನ್ನು ತಳ್ಳಿಹಾಕುವವರೇ ಹೆಚ್ಚು. ಆದರೆ ಒಂದು ಜನಸಮುದಾಯವು ಹಲವರು ಕೂಡಿ ಮಾಡಿದ ಕೆಲಸವನ್ನು ಒಬ್ಬನ ಹೆಸರಿಗೆ ಹೇಗೆ ಸಲ್ಲಿಸುತ್ತದೆ, ಯಾವ ಆಧಾರದಿಂದ ಸಲ್ಲಿಸುತ್ತದೆ, ಹಾಗೆ ಸಲ್ಲಿಸುವಾಗ ಯಾರ ಹೆಸರು ಮರೆಯಾಗುತ್ತದೆ ಎಂಬುದು ನಿಸ್ಸಂಶಯವಾಗಿ ಇತಿಹಾಸದ ಪ್ರಶ್ನೆ. ಆ ದೃಷ್ಟಿಯಿಂದಲೇ ಪ್ರಸ್ತುತ ಪ್ರಬಂಧದಲ್ಲಿ ಈ ವಿವಾದವನ್ನು ನಾವು ಕೈಗೆತ್ತಿಕೊಂಡಿದ್ದೇವೆ.

ಇದರ ಪರಿಶೀಲನೆಗೆ ಹಾಸನ ಜಿಲ್ಲೆಯನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಈ ಸೀಮೆಗೆ ಸೇರಿದ ಮೂವರು ಲೇಖಕರ ಕೃತಿಗಳು ಬೇರೆ ಬೇರೆ ನಿರ್ದೇಶಕರ ಕೈಯಲ್ಲಿ ಚಿತ್ರಗಳಾಗಿವೆ. ಆದುದರಿಂದ ನಿರ್ದೇಶಕನ ಪಾಲೆಷ್ಟು, ಉಳಿದವರ ಪಾಲೆಷ್ಟು ಎಂದು ತೂಗಿ ನೋಡುವುದಕ್ಕೆ ಇಲ್ಲಿ ಸಾಮಗ್ರಿಯಿದೆ. ಎರಡನೆಯದಾಗಿ, ಶ್ರೇಷ್ಠ ಕಲಾವಿದನು ಯಾರು ಎಂಬ ವಾದ ಈ ನೆಲಕ್ಕೆ ಹೊಸತಲ್ಲ. ಹಾಸನ ನಗರದ ಅಂಚಿನಲ್ಲಿರುವ, ವಿಮಾನನಿಲ್ದಾಣದ ಭೂಮಿಯಿಂದಾಗಿ ಈಚೆಗೆ ಹೆಸರು ಕೇಳಿಬರುತ್ತಿರುವ ಬೂವನಹಳ್ಳಿಯಿಂದ ಅರ್ಧ ದಿನದಲ್ಲಿ ಹೋಗಿಬರಬಹುದಾದ ಬೇಲೂರಿನ ಗುಡಿಯಲ್ಲಿ ಇದೇ ವಾದವು ಒಂಬೈನೂರು ವರ್ಷಗಳಿಂದ ಕಲ್ಲಿನಲ್ಲಿ ಕೆತ್ತಿಕೊಂಡು ನಿಂತಿದೆ. ಬೂವನಹಳ್ಳಿಯಂತಹ ಊರಿನ ಜಗಲಿಯ ಮೇಲೆ ಕುಳಿತ ಹಿರಿಯರನ್ನು ಬೇಲೂರನ್ನು ಕಟ್ಟಿದವನು ಯಾರು ಎಂದು ಕೇಳಿದರೆ ಜಕಣಾಚಾರಿ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಕನ್ನಡದ ದೊಡ್ಡ ನಿರ್ದೇಶಕನು ಯಾರು ಎಂದು ಕೇಳಿದರೆ ಅಷ್ಟೇ ಸಲೀಸಾಗಿ ಪುಟ್ಟಣ್ಣನವರ ಹೆಸರು ಬಂದೀತು. ಈ ಎರಡು ಉತ್ತರಗಳಿಗೂ ಒಂದು ಒಳಸಂಬಂಧವಿದೆ ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

2

ಮೊದಲಿಗೆ ಪ್ರಶ್ನೆಯ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬೇಕು. ಚಲಚ್ಚಿತ್ರವು ಹುಟ್ಟಿದ ಕಾಲದಲ್ಲಿಯೇ ನಿರ್ದೇಶಕನು ಅದರ ಕರ್ತೃವೆಂದು ಎಣಿಸಲ್ಪಡಲಿಲ್ಲ. ಪ್ರೇಕ್ಷಕರು ನಟರ ಹೆಸರಿಗೆ ಬರುತ್ತಿದ್ದರು; ಬಂಡವಾಳ ಹಾಕಿದವನ ಹೆಸರು ಫಲಕದ ಮೇಲೆ ಇರುತ್ತಿತ್ತು. ನಿರ್ದೇಶಕನೇ ಚಿತ್ರದ ನಿಜವಾದ ಲೇಖಕ, ಲೇಖನಿಯ ಬದಲು ಅವನ ಕೈಯಲ್ಲಿ ಕ್ಯಾಮರಾ ಇದೆ ಎಂಬ ವಾದವು ಫ್ರಾನ್ಸಿನಲ್ಲಿ ಬಲಗೊಂಡಿತು. 1954ರಲ್ಲಿ ಫ್ರಾಂಸ್ವಾ ತ್ರುಫೋ ಪ್ಯಾರಿಸಿನ ಕಾಯೆ ದ್ಯು ಸಿನೆಮಾ ಪತ್ರಿಕೆಯಲ್ಲಿ ಬರೆದ ಲೇಖನ ಇದಕ್ಕೆ ಪ್ರಸಿದ್ಧವಾದ ಆರಂಭ. ಅಮೆರಿಕದಲ್ಲಿ ಆಂಡ್ರ್ಯೂ ಸ್ಯಾರಿಸ್ 1962ರಲ್ಲಿ ಇದನ್ನು ಸಿದ್ಧಾಂತವೆಂದು ಕರೆದನು. 1968ರ ತನ್ನ ಗ್ರಂಥದಲ್ಲಿ ನಿರ್ದೇಶಕರನ್ನು ಮೇಲು ಕೀಳು ಶ್ರೇಣಿಗಳಾಗಿ ವಿಂಗಡಿಸಿಯೂ ಬಿಟ್ಟನು. ಇದನ್ನು ಕಟುವಾಗಿ ವಿರೋಧಿಸಿದವಳು ಪಾಲಿನ್ ಕೇಲ್. 1941ರ ಸಿಟಿಜನ್ ಕೇನ್ ಚಿತ್ರದ ಕೀರ್ತಿಯಲ್ಲಿ ಆರ್ಸನ್ ವೆಲ್ಸನಿಗಿಂತ ಚಿತ್ರಕಥೆಗಾರನಾದ ಹರ್ಮನ್ ಮ್ಯಾಂಕೀವಿಟ್ಸನ ಪಾಲು ಹಿರಿದೆಂದು 1971ರಲ್ಲಿ ಅವಳು ವಾದಿಸಿದಳು. ಅವಳ ವಾದವನ್ನು ಅನೇಕರು ಖಂಡಿಸಿದರು. ಆದರೆ ಆ ಚಿತ್ರಕ್ಕೆ ದೊರೆತ ಒಂದೇ ಒಂದು ಆಸ್ಕರ್ ಪ್ರಶಸ್ತಿಯು ನಿರ್ದೇಶನಕ್ಕಲ್ಲ, ಚಿತ್ರಕಥೆಗೆ, ಅದೂ ಇಬ್ಬರಿಗೂ ಕೂಡಿಯೇ ಬಂದುದು ಎಂಬುದು ಗಮನಿಸತಕ್ಕ ಅಂಶ.

ಶ್ರೇಷ್ಠತೆಯನ್ನು ಮತಗಳಿಂದ ಅಳೆಯುವ ಪದ್ಧತಿಯೂ ಇದೇ ಕಾಲದ್ದು. ಲಂಡನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆಯು 1952ರಿಂದ ಹತ್ತು ವರ್ಷಗಳಿಗೊಮ್ಮೆ ವಿಮರ್ಶಕರ ಮತವನ್ನು ಸಂಗ್ರಹಿಸುತ್ತ ಬಂದಿದೆ. ಮೊದಲ ಸಲ ಅಗ್ರಸ್ಥಾನವು ಇಟಲಿಯ ಬೈಸಿಕಲ್ ಥೀವ್ಸ್ ಚಿತ್ರಕ್ಕೆ ಸಂದಿತು. 1962ರಿಂದ 2002ರವರೆಗೆ ಐದು ಸಲವೂ ಸಿಟಿಜನ್ ಕೇನ್ ಆ ಸ್ಥಾನದಲ್ಲಿತ್ತು. 2012ರಲ್ಲಿ ಹಿಚ್‌ಕಾಕನ ವರ್ಟಿಗೋ ಅದನ್ನು ಕೆಳಗಿಳಿಸಿತು. 2022ರಲ್ಲಿ ಬೆಲ್ಜಿಯಮ್ಮಿನ ಶಾಂತಾಲ್ ಅಕೆರ್‌ಮಾನಳ ಝಾನ್ ದೀಲ್ಮಾನ್ ಮೇಲಕ್ಕೇರಿತು; ಒಬ್ಬ ಸ್ತ್ರೀಯು ನಿರ್ದೇಶಿಸಿದ ಚಿತ್ರಕ್ಕೆ ಆ ಸ್ಥಾನ ದೊರೆತುದು ಅದೇ ಮೊದಲು. ಆ ಚಿತ್ರ ತಯಾರಾದುದು 1975ರಲ್ಲಿ. ಚಿತ್ರವು ಬದಲಾಗಲಿಲ್ಲ, ಮತ ಕೊಡುವವರೂ ಅವರು ನೋಡುವ ರೀತಿಯೂ ಬದಲಾದವು. ಎಲ್ಲ ಕಾಲಕ್ಕೂ ಶ್ರೇಷ್ಠ ಎಂಬ ಬಿರುದಿಗೆ ಹತ್ತು ವರ್ಷಗಳ ಆಯುಸ್ಸೂ ಭದ್ರವಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

3

ಇನ್ನು ಕನ್ನಡದ ಸ್ಥಿತಿಯನ್ನು ನೋಡೋಣ. 1934ರಲ್ಲಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರ ಸತಿ ಸುಲೋಚನವನ್ನು ನಿರ್ದೇಶಿಸಿದವರು ವೈ. ವಿ. ರಾವ್. ಚಿತ್ರ ತಯಾರಾದುದು ಕೊಲ್ಲಾಪುರದ ಸ್ಟುಡಿಯೋ ಒಂದರಲ್ಲಿ. ಆದರೆ ಜನರ ನೆನಪಿನಲ್ಲಿ ಉಳಿದುದು ಇಂದ್ರಜಿತುವಿನ ಪಾತ್ರ ವಹಿಸಿದ ಎಂ. ವಿ. ಸುಬ್ಬಯ್ಯನಾಯಿಡು, ರಾವಣನಾದ ಆರ್. ನಾಗೇಂದ್ರರಾಯರು. ಇಬ್ಬರೂ ನಾಟಕರಂಗದಿಂದ ಬಂದವರು. ಆ ಕಾಲದ ಚಿತ್ರವು ಮೂಲತಃ ಕಂಪನಿ ನಾಟಕದ ವಿಸ್ತರಣೆಯಾಗಿತ್ತು. ಅಲ್ಲಿ ಮುಖ್ಯನಾದವನು ನಟ, ಅವನಿಗಿಂತ ಮುಖ್ಯನಾದವನು ಕಂಪನಿಯ ಯಜಮಾನ. 1954ರಲ್ಲಿ ಬೇಡರ ಕಣ್ಣಪ್ಪ ಚಿತ್ರವನ್ನು ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದಾಗಲೂ ಜನತೆಯು ಅದನ್ನು ರಾಜಕುಮಾರರ ಚಿತ್ರವೆಂದೇ ಗುರುತಿಸಿತು.

ನಿರ್ದೇಶಕನ ಹೆಸರಿಗೆ ತನ್ನದೇ ಆದ ಬೆಲೆ ಬಂದುದು ಕ್ರಮೇಣವಾಗಿ. ಬಿ. ಆರ್. ಪಂತುಲು 1958ರ ಸ್ಕೂಲ್ ಮಾಸ್ಟರ್, 1961ರ ಕಿತ್ತೂರು ಚೆನ್ನಮ್ಮ ಮುಂತಾದ ಚಿತ್ರಗಳಿಂದ ನಿರ್ಮಾಪಕ ನಿರ್ದೇಶಕನೆಂಬ ಒಂದು ಆದರ್ಶವನ್ನು ನಿಲ್ಲಿಸಿದರು. 1964ರ ನಾಂದಿಯಲ್ಲಿ ಎನ್. ಲಕ್ಷ್ಮೀನಾರಾಯಣರು ಸಮಕಾಲೀನ ಕುಟುಂಬಜೀವನವನ್ನು ಸಂಯಮದಿಂದ ಚಿತ್ರಿಸಿದರು. ಪಂತುಲು ಅವರ ಗರಡಿಯಲ್ಲಿ ಪಳಗಿದ, ಪಿರಿಯಾಪಟ್ಟಣ ಸೀಮೆಯ ಕಣಗಾಲಿನ ಪುಟ್ಟಣ್ಣನವರು 1967ರ ಬೆಳ್ಳಿಮೋಡದಿಂದ ಮೊದಲ್ಗೊಂಡು ಗೆಜ್ಜೆಪೂಜೆ, ಶರಪಂಜರ, ನಾಗರಹಾವು ಇವುಗಳನ್ನು ಕೊಟ್ಟ ಮೇಲೆ ಮಾತ್ರ, ತಾರೆಯ ಹೆಸರನ್ನಲ್ಲದೆ ನಿರ್ದೇಶಕನ ಹೆಸರನ್ನು ಕೇಳಿ ಟಿಕೆಟು ಕೊಳ್ಳುವ ಪ್ರೇಕ್ಷಕವರ್ಗವೊಂದು ಕನ್ನಡದಲ್ಲಿ ಬೆಳೆಯಿತು. ಅವರಿಗೆ ಚಿತ್ರಬ್ರಹ್ಮ ಎಂಬ ಬಿರುದು ಸಂದಿತು. 1985ರಲ್ಲಿ ಅವರು ತೀರಿಕೊಂಡ ಬಳಿಕ, ನಿರ್ದೇಶಕರ ಜೀವಮಾನದ ಸಾಧನೆಗಾಗಿ ಕರ್ನಾಟಕ ಸರ್ಕಾರವು ಕೊಡುವ ಪ್ರಶಸ್ತಿಗೆ ಅವರ ಹೆಸರನ್ನೇ ಇಡಲಾಯಿತು.

ಇದೇ ಕಾಲದಲ್ಲಿ ಮತ್ತೊಂದು ಪ್ರವಾಹ ಹುಟ್ಟಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ಸಂಸ್ಕಾರ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂದಿತು. ಅನಂತಮೂರ್ತಿಯವರ ಕಾದಂಬರಿ, ಗಿರೀಶ ಕಾರ್ನಾಡರ ಚಿತ್ರಕಥೆ, ಆಸ್ಟ್ರೇಲಿಯದ ಟಾಮ್ ಕೋವನ್ನನ ಛಾಯಾಗ್ರಹಣ, ತೆಲುಗಿನ ಕವಿಯಾಗಿದ್ದ ನಿರ್ದೇಶಕ: ಇಷ್ಟು ಕಡೆಗಳಿಂದ ಬಂದ ಕೈಗಳು ಅಲ್ಲಿ ಕೂಡಿದ್ದವು. 1975ರಲ್ಲಿ ಬಿ. ವಿ. ಕಾರಂತರ ಚೋಮನ ದುಡಿಗೂ, 1977ರಲ್ಲಿ ಗಿರೀಶ ಕಾಸರವಳ್ಳಿಯವರ ಘಟಶ್ರಾದ್ಧಕ್ಕೂ ಅದೇ ಗೌರವ ಸಂದಿತು. ಹೀಗೆ ಕನ್ನಡದಲ್ಲಿ ಶ್ರೇಷ್ಠ ನಿರ್ದೇಶಕನ ವಾದವು ಎರಡು ಪಂಗಡಗಳಾಗಿ ಒಡೆಯಿತು. ಒಂದು ಪಂಗಡವು ಚಿತ್ರಮಂದಿರದ ಸಾಕ್ಷ್ಯವನ್ನು ಮುಂದಿಟ್ಟು ಪುಟ್ಟಣ್ಣನವರನ್ನು ಹೆಸರಿಸುತ್ತದೆ. ಮತ್ತೊಂದು ಚಿತ್ರೋತ್ಸವದ ಸಾಕ್ಷ್ಯವನ್ನು ಮುಂದಿಟ್ಟು ಕಾಸರವಳ್ಳಿಯವರನ್ನು ಹೆಸರಿಸುತ್ತದೆ. ಈ ಎರಡು ಪಕ್ಷಗಳಿಗೂ ಸಮಾನವಾದ ಒಂದು ಊಹೆಯಿದೆ: ಚಿತ್ರವು ಒಬ್ಬನ ಕೃತಿ ಎಂಬುದು. ಹಾಸನದ ಸಾಕ್ಷ್ಯವನ್ನು ನಾವು ಕರೆಯುವುದು ಈ ಊಹೆಯನ್ನು ಪರೀಕ್ಷಿಸುವ ಸಲುವಾಗಿ.

4

ಅರಕಲಗೂಡು ಮನೆತನದ ಅ. ನ. ಕೃಷ್ಣರಾಯರು, ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು: ಈ ಮೂವರ ಕೃತಿಗಳು ಕನ್ನಡ ಚಿತ್ರಗಳಿಗೆ ವಸ್ತುವನ್ನು ಒದಗಿಸಿವೆ.

ಕೃಷ್ಣರಾಯರ ಸಂಧ್ಯಾರಾಗ ಕಾದಂಬರಿಯು 1966ರಲ್ಲಿ ಚಿತ್ರವಾಯಿತು. ಇದನ್ನು ನಿರ್ದೇಶಿಸಿದವರು ಒಬ್ಬರಲ್ಲ, ಎ. ಸಿ. ನರಸಿಂಹಮೂರ್ತಿ ಮತ್ತು ಎಸ್. ಕೆ. ಭಗವಾನ್ ಎಂಬ ಇಬ್ಬರು. ಕಥೆ ಸಂಗೀತಗಾರನೊಬ್ಬನ ಜೀವನದ್ದು. ನಾಯಕನ ಪಾತ್ರದಲ್ಲಿ ರಾಜಕುಮಾರರಿದ್ದರೂ, ಚಿತ್ರದ ಜೀವಾಳವಾದ ನಾದವನ್ನು ತುಂಬಿದವರು ಜಿ. ಕೆ. ವೆಂಕಟೇಶ್, ಬಾಲಮುರಳೀಕೃಷ್ಣ ಮತ್ತು ಭೀಮಸೇನ ಜೋಶಿ. ಇದನ್ನು ನೋಡಿ ಹೊರಬಂದವನ ಕಿವಿಯಲ್ಲಿ ಉಳಿಯುವುದು ಜೋಶಿಯವರ ಕಂಠ. ಈ ಚಿತ್ರದ ಕರ್ತೃ ಯಾರೆಂದರೆ ಒಂದೇ ಹೆಸರು ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಗೊರೂರರ ಭೂತಯ್ಯನ ಮಗ ಅಯ್ಯು 1974ರಲ್ಲಿ ಸಿದ್ಧಲಿಂಗಯ್ಯನವರ ನಿರ್ದೇಶನದಲ್ಲಿ ತೆರೆಗೆ ಬಂದಿತು. ಲೇವಾದೇವಿಯ ಭೂತಯ್ಯ, ಅವನ ಮಗ ಅಯ್ಯು, ಅಯ್ಯುವಿಗೆ ಎದುರಾಗಿ ನಿಲ್ಲುವ ಗುಳ್ಳ, ಇವರ ನಡುವಣ ಹಗೆ ಮತ್ತು ಆ ಹಗೆಯ ಶಮನ ಇದರ ವಸ್ತು. ಗೊರೂರರ ಬರವಣಿಗೆಯ ಗುಣ ಮೆಲುನಗೆಯದು. ಊರಿನ ಸುದ್ದಿಯನ್ನು ಊರಿನವನೇ ಹೇಳಿದಂತೆ ಇರುತ್ತದೆ. ಚಿತ್ರದ ಗುಣ ರೌದ್ರ ಮತ್ತು ಕರುಣಗಳದು. ಲೋಕೇಶ್, ವಿಷ್ಣುವರ್ಧನ, ಎಂ. ಪಿ. ಶಂಕರ್ ಇವರ ಅಭಿನಯವೂ ಪ್ರವಾಹದ ದೃಶ್ಯದ ಭವ್ಯತೆಯೂ ಮೂಲಕಥೆಯ ಅಳತೆಯನ್ನು ಮೀರಿವೆ. 1972ರ ಬಂಗಾರದ ಮನುಷ್ಯ ಚಿತ್ರದಲ್ಲಿ ಹೊಲವನ್ನೂ ಬೇಸಾಯವನ್ನೂ ಪ್ರೇಕ್ಷಕರ ಹೃದಯಕ್ಕೆ ಮುಟ್ಟಿಸಿದ್ದ ನಿರ್ದೇಶಕನ ಕೈ ಇಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟಾದರೂ ಶ್ರೇಷ್ಠ ನಿರ್ದೇಶಕರ ಎಣಿಕೆಯಲ್ಲಿ ಸಿದ್ಧಲಿಂಗಯ್ಯನವರ ಹೆಸರು ಮೊದಲು ಬರುವುದು ಅಪೂರ್ವ. ಚಿತ್ರಮಂದಿರದ ಪಕ್ಷವು ಅವರ ಚಿತ್ರಗಳನ್ನು ನಟರ ಲೆಕ್ಕಕ್ಕೆ ಬರೆದಿತು. ಚಿತ್ರೋತ್ಸವದ ಪಕ್ಷವು ಅವರನ್ನು ಜನಪ್ರಿಯರೆಂದು ಬದಿಗಿಟ್ಟಿತು. ಎರಡು ಪಂಗಡಗಳ ನಡುವೆ ಬಿದ್ದವನಿಗೆ ನ್ಯಾಯ ದೊರೆಯಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಭೈರಪ್ಪನವರ ಕಾದಂಬರಿಗಳ ವಿಷಯವು ಇನ್ನೂ ಬೋಧಪ್ರದವಾಗಿದೆ. ವಂಶವೃಕ್ಷವನ್ನು ಕಾರಂತ ಮತ್ತು ಕಾರ್ನಾಡರು ಜೊತೆಗೂಡಿ ನಿರ್ದೇಶಿಸಿದರು. ಅದಕ್ಕೆ 1971ನೆಯ ಸಾಲಿನ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದಿತು. 1977ರ ತಬ್ಬಲಿಯು ನೀನಾದೆ ಮಗನೆ ಚಿತ್ರವೂ ಇದೇ ಜೋಡಿಯದು. ಗೋಧೂಳಿ ಎಂಬ ಹೆಸರಿನಲ್ಲಿ ಹಿಂದಿಯಲ್ಲಿಯೂ ಅದು ಬಂದಿತು. 2001ರಲ್ಲಿ ಟಿ. ಎನ್. ಸೀತಾರಾಮ್ ಮತದಾನವನ್ನು ನಿರ್ದೇಶಿಸಿದರು. 2006ರಲ್ಲಿ ಕಾಸರವಳ್ಳಿಯವರು ನಾಯಿನೆರಳನ್ನು ತೆಗೆದರು. ಒಬ್ಬನೇ ಕಾದಂಬರಿಕಾರನ ನಾಲ್ಕು ಕೃತಿಗಳು ಮೂರು ಬಗೆಯ ಕೈಗಳಿಗೆ ಸಿಕ್ಕಿದಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ನೋಡಬಹುದು.

ನಿರ್ದೇಶಕನು ಏನೂ ಅಲ್ಲ, ಕಥೆಯೇ ಎಲ್ಲ ಎಂಬುದು ನಿಜವಾಗಿದ್ದರೆ ಈ ನಾಲ್ಕು ಚಿತ್ರಗಳು ಒಂದೇ ಮುಖಲಕ್ಷಣವನ್ನು ಪಡೆಯಬೇಕಾಗಿತ್ತು. ಆದರೆ ಹಾಗಿಲ್ಲ. ವಂಶವೃಕ್ಷದಲ್ಲಿ ರಂಗಭೂಮಿಯ ಅನುಭವವುಳ್ಳ ಇಬ್ಬರು ತರುಣರು ಸಂಪ್ರದಾಯದ ಮನೆಯೊಂದರ ಮೌನಕ್ಕೆ ರೂಪ ಕೊಟ್ಟರು. ಕಾದಂಬರಿಯ ದೀರ್ಘವಾದ ಚರ್ಚೆಗಳು ಅಲ್ಲಿ ಮುಖಭಾವಗಳಾದವು. ಮತದಾನದಲ್ಲಿ ಗ್ರಾಮಜೀವನದೊಳಕ್ಕೆ ಚುನಾವಣೆಯು ನುಗ್ಗಿದಾಗ ಆಗುವ ಕಲಕು ಪ್ರಧಾನವಾಗಿದ್ದು, ಮಾತು ಮಾತಿಗೆ ಎದುರು ನಿಲ್ಲುವ ಸಂಭಾಷಣೆಯೇ ಅದರ ಶಕ್ತಿ. ನಾಯಿನೆರಳಿನ ವಿಷಯದಲ್ಲಿ ನಿರ್ದೇಶಕನ ಸ್ವಾತಂತ್ರ್ಯವು ಎಲ್ಲಕ್ಕಿಂತ ಹೆಚ್ಚಾಗಿ ಪ್ರಕಟವಾಗುತ್ತದೆ. ಸತ್ತ ಮಗನು ಬೇರೆಡೆ ಹುಟ್ಟಿ ಬೆಳೆದಿದ್ದಾನೆಂದು ನಂಬಿ ಅವನನ್ನು ಮನೆಗೆ ಕರೆತರುವ ಕಥೆ ಅದು. ಕಾದಂಬರಿಯು ಪುನರ್ಜನ್ಮವನ್ನು ತಾತ್ತ್ವಿಕ ಸಮಸ್ಯೆಯಾಗಿ ಎದುರಿಸುತ್ತದೆ. ಚಿತ್ರವು ಆ ಸಮಸ್ಯೆಯನ್ನು ಬಿಡಿಸಹೋಗದೆ, ಆ ನಂಬಿಕೆಯು ವಿಧವೆಯಾದ ಸೊಸೆಗೆ ಏನನ್ನು ಕೊಟ್ಟಿತು, ಅವಳಿಂದ ಏನನ್ನು ಕಿತ್ತುಕೊಂಡಿತು ಎಂದು ಕೇಳುತ್ತದೆ. ಘಟನೆಗಳು ಬಹುಮಟ್ಟಿಗೆ ಅವೇ. ನೋಡುವ ಕಣ್ಣು ಬೇರೆ. ಈ ಕಣ್ಣಿನ ಬದಲಾವಣೆಯನ್ನೇ ನಿರ್ದೇಶನವೆಂದು ಕರೆಯಬೇಕು.

ಹೀಗಿರುವಲ್ಲಿ ಹಾಸನದ ಸಾಕ್ಷ್ಯವು ಎರಡು ಕಡೆಗೂ ಮಾತನಾಡುತ್ತದೆ. ಮೇಲೆ ಹೆಸರಿಸಿದ ಆರು ಚಿತ್ರಗಳಲ್ಲಿ ಮೂರು ಇಬ್ಬಿಬ್ಬರು ನಿರ್ದೇಶಿಸಿದವು. ಅಲ್ಲಿ ಒಬ್ಬನೇ ಕರ್ತೃ ಎಂಬ ಸಿದ್ಧಾಂತವು ನಿಲ್ಲುವುದಿಲ್ಲ. ಉಳಿದ ಮೂರರಲ್ಲಿ ನಿರ್ದೇಶಕನು ಮೂಲವನ್ನು ತನ್ನದಾಗಿ ಮಾಡಿಕೊಂಡ ಕುರುಹುಗಳು ನಿಚ್ಚಳವಾಗಿವೆ. ಅಲ್ಲಿ ನಿರ್ದೇಶಕನು ಹಲವರಲ್ಲಿ ಒಬ್ಬ ಮಾತ್ರ ಎಂಬ ವಾದವು ನಿಲ್ಲುವುದಿಲ್ಲ.

5

ಈಗ ಬೇಲೂರಿನತ್ತ ತಿರುಗೋಣ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಬಗೆಗೆ ಜನತೆಯು ಹೇಳುವ ಕಥೆ ಎಲ್ಲರಿಗೂ ತಿಳಿದುದೇ. ಜಕಣಾಚಾರಿಯು ಕೆತ್ತಿದ ವಿಗ್ರಹದಲ್ಲಿ ದೋಷವಿದೆಯೆಂದು ಒಬ್ಬ ಹುಡುಗನು ಹೇಳುತ್ತಾನೆ. ಗಂಧವನ್ನು ಲೇಪಿಸಿದಾಗ ಹೊಕ್ಕುಳಿನ ಸುತ್ತ ಅದು ಒಣಗುವುದಿಲ್ಲ. ಅಲ್ಲಿ ಒಡೆದು ನೋಡಿದರೆ ನೀರು, ಮರಳು, ಕಪ್ಪೆ. ಶಿಲ್ಪಿಯು ತನ್ನ ಬಲಗೈಯನ್ನು ಕಡಿದುಕೊಳ್ಳುತ್ತಾನೆ. ಹುಡುಗನು ತನ್ನ ಮಗನಾದ ಡಂಕಣನೆಂದು ಅವನಿಗೆ ಬಳಿಕ ತಿಳಿಯುತ್ತದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನೂ ತುಮಕೂರು ಬಳಿಯ ಕೈದಾಳವೂ ಈ ಕಥೆಗೆ ಕಟ್ಟಿಕೊಂಡಿವೆ.

ಈ ಕಥೆಯನ್ನು 1964ರಲ್ಲಿ ಬಿ. ಎಸ್. ರಂಗಾ ಅವರು ಅಮರಶಿಲ್ಪಿ ಜಕಣಾಚಾರಿ ಎಂಬ ಚಿತ್ರವಾಗಿ ನಿರ್ಮಿಸಿ ನಿರ್ದೇಶಿಸಿದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೆಂಬ ಖ್ಯಾತಿ ಅದರದು. ಕಲ್ಯಾಣಕುಮಾರ್ ಶಿಲ್ಪಿಯಾಗಿಯೂ ಬಿ. ಸರೋಜಾದೇವಿ ನಾಯಿಕೆಯಾಗಿಯೂ ಅಭಿನಯಿಸಿದರು. ಅದೇ ವರ್ಷ ಅಕ್ಕಿನೇನಿ ನಾಗೇಶ್ವರರಾಯರೊಡನೆ ತೆಲುಗಿನ ಆವೃತ್ತಿಯೂ ಬಂದಿತು. ಇಡೀ ದೇವಾಲಯವನ್ನು ಒಬ್ಬನ ಪ್ರತಿಭೆಯ ಫಲವಾಗಿ ತೋರಿಸುವ ಕಲ್ಪನೆಯನ್ನು ಚಿತ್ರವು ಜನಮನದಲ್ಲಿ ಮತ್ತಷ್ಟು ಗಟ್ಟಿಗೊಳಿಸಿತು.

ಶಾಸನಗಳು ಹೇಳುವುದು ಬೇರೆ. ಜಕಣಾಚಾರಿಯ ಹೆಸರು ಹೊಯ್ಸಳರ ಸಮಕಾಲೀನ ಬರೆಹಗಳಲ್ಲಿ ಕಾಣುವುದಿಲ್ಲ; ದಕ್ಷಿಣಾಚಾರಿ ಎಂಬ ಪದವೇ ಹೀಗೆ ಮಾರ್ಪಟ್ಟಿರಬಹುದೆಂಬ ಸೂಚನೆಯೂ ವಿದ್ವಾಂಸರಲ್ಲಿದೆ. ಅದಕ್ಕೆ ಬದಲಾಗಿ ಬೇಲೂರಿನ ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಇವರಂತೆ ಮತ್ತೆ ಹಲವರು ರೂವಾರಿಗಳು ತಮ್ಮ ಅಂಕಿತವನ್ನು ಬಿಟ್ಟಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳ ಮೇಲೆ ನಂದಿಯ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಇಬ್ಬರ ಹೆಸರುಗಳು ದೊರೆಯುತ್ತವೆ. ಈ ಮಲ್ಲಿತಮ್ಮನೇ ಮುಂದೆ 1268ರ ಸೋಮನಾಥಪುರದಲ್ಲಿಯೂ ದುಡಿದವನು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರಿನೊಡನೆ ಎದುರಾಳಿ ರೂವಾರಿಗಳನ್ನು ಗೆದ್ದವರೆಂಬರ್ಥದ ಬಿರುದುಗಳನ್ನೂ ಕೆತ್ತಿಕೊಂಡಿರುವುದು. ಯಾರು ಹೆಚ್ಚು ಎಂಬ ವಾದವು ಆಗಲೇ ಇತ್ತು. ವಾದಿಸಿದವರು ದೂರದ ವಿಮರ್ಶಕರಲ್ಲ, ಒಂದೇ ಗುಡಿಯಲ್ಲಿ ಅಕ್ಕಪಕ್ಕದಲ್ಲಿ ಉಳಿ ಹಿಡಿದು ಕುಳಿತಿದ್ದ ಸಹೋದ್ಯೋಗಿಗಳು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸತಕ್ಕುದು. ಬೇಲೂರಿನಲ್ಲಿ ಬಿಡಿ ವಿಗ್ರಹಗಳನ್ನು ಕಡೆದವರ ಹೆಸರುಗಳು ಉಳಿದಿವೆ. ಸಮಗ್ರ ಯೋಜನೆ ಇವನದೆಂದು ಸರ್ವಸಮ್ಮತವಾಗಿ ನಿಲ್ಲುವ ಒಂದು ಹೆಸರಿಲ್ಲ. ಆ ತೆರವಾದ ಪೀಠದ ಮೇಲೆ ಜನತೆಯು ಜಕಣಾಚಾರಿಯನ್ನು ಕೂರಿಸಿತು. ಚಲಚ್ಚಿತ್ರದಲ್ಲಿ ಇದು ತಿರುಗುಮುರುಗಾಗಿದೆ. ಯೋಜಕನಾದ ನಿರ್ದೇಶಕನ ಹೆಸರು ಎಲ್ಲರಿಗೂ ಗೊತ್ತು. ಬಿಡಿ ಕೆಲಸಗಳನ್ನು ಮಾಡಿದವರ ಹೆಸರುಗಳು ಚಿತ್ರದ ಮೊದಲಲ್ಲಿಯೋ ಕೊನೆಯಲ್ಲಿಯೋ ಓದಲಾಗದಷ್ಟು ವೇಗದಿಂದ ಓಡಿಹೋಗುತ್ತವೆ. ಎರಡು ಕಡೆಯಲ್ಲೂ ಜನಮನಸ್ಸಿನ ಬಯಕೆ ಒಂದೇ: ದೊಡ್ಡ ಕೆಲಸಕ್ಕೆ ಒಬ್ಬನೇ ಒಡೆಯನಿರಬೇಕು. ಅಮರಶಿಲ್ಪಿ ಎಂಬ ಬಿರುದಿನ ಹಿಂದೆಯೂ ಚಿತ್ರಬ್ರಹ್ಮ ಎಂಬ ಬಿರುದಿನ ಹಿಂದೆಯೂ ಇರುವುದು ಈ ಬಯಕೆಯೇ.

ಜಕಣಾಚಾರಿಯು ಐತಿಹ್ಯದ ವ್ಯಕ್ತಿ; ಪುಟ್ಟಣ್ಣನವರು ಚರಿತ್ರೆಯ ವ್ಯಕ್ತಿ. ಈ ವ್ಯತ್ಯಾಸವನ್ನು ಮರೆಯತಕ್ಕುದಲ್ಲ. ನಾವು ಹೋಲಿಸುತ್ತಿರುವುದು ವ್ಯಕ್ತಿಗಳನ್ನಲ್ಲ, ಅವರ ಸುತ್ತ ಕೀರ್ತಿಯು ಬೆಳೆದ ಬಗೆಯನ್ನು.

6

ಈ ವಿವೇಚನೆಯ ಬೆಳಕಿನಲ್ಲಿ ಎರಡು ಪಕ್ಷಗಳ ನಾಯಕರನ್ನು ತೂಗಿ ನೋಡಬಹುದು.

ಪುಟ್ಟಣ್ಣನವರ ಸಾಧನೆಯಲ್ಲಿ ಕಾದಂಬರಿಕಾರ್ತಿಯರ ಋಣ ದೊಡ್ಡದು. ಬೆಳ್ಳಿಮೋಡ ಮತ್ತು ಶರಪಂಜರ ತ್ರಿವೇಣಿಯವರವು, ಗೆಜ್ಜೆಪೂಜೆ ಎಂ. ಕೆ. ಇಂದಿರಾ ಅವರದು. ಸ್ತ್ರೀಯ ಮನಸ್ಸಿನ ಒಳತೋಟಿಯನ್ನು ಕನ್ನಡ ಪ್ರೇಕ್ಷಕನಿಗೆ ಪರಿಚಯಿಸಿದ ಕೀರ್ತಿಯನ್ನು ನಿರ್ದೇಶಕರೊಬ್ಬರಿಗೇ ಸಲ್ಲಿಸಿದರೆ ಈ ಇಬ್ಬರು ಲೇಖಕಿಯರಿಗೂ, ಆ ಪಾತ್ರಗಳಿಗೆ ಜೀವ ತುಂಬಿದ ಕಲ್ಪನಾ ಅವರಿಗೂ ಅನ್ಯಾಯವಾಗುತ್ತದೆ. ವಿಜಯಭಾಸ್ಕರರ ಸಂಗೀತವನ್ನು ತೆಗೆದು ಆ ಚಿತ್ರಗಳನ್ನು ಊಹಿಸುವುದು ಕಷ್ಟ. ಆದರೆ ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ನಾಗರಹಾವು ಎಂಬ ಒಂದು ಚಿತ್ರವನ್ನಾಗಿ ಮಾಡಿ, ಚಿತ್ರದುರ್ಗದ ಬಂಡೆಗಳನ್ನೇ ಒಂದು ಪಾತ್ರವಾಗಿ ನಿಲ್ಲಿಸಿದ ಧೈರ್ಯ ನಿರ್ದೇಶಕರದೇ. ಹಲವು ಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿದ 1976ರ ಕಥಾಸಂಗಮವೂ ಅವರ ಸಾಹಸಕ್ಕೆ ಸಾಕ್ಷಿ. ಎಲ್ಲಕ್ಕೂ ಮಿಗಿಲಾಗಿ, ಸಾವಿರಾರು ಸಾಮಾನ್ಯ ಪ್ರೇಕ್ಷಕರಿಗೆ ಚಿತ್ರದ ಹಿಂದೆ ಒಂದು ಆಲೋಚಿಸುವ ಮನಸ್ಸಿದೆ ಎಂಬ ಅರಿವನ್ನು ತಂದವರು ಅವರು.

ಕಾಸರವಳ್ಳಿಯವರಿಗೆ ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ ಈ ನಾಲ್ಕು ಚಿತ್ರಗಳಿಗಾಗಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲವು ನಾಲ್ಕು ಸಲ ಬಂದಿದೆ. ಇವುಗಳಿಗೂ ಸಾಹಿತ್ಯವೇ ಮೂಲ: ಕ್ರಮವಾಗಿ ಅನಂತಮೂರ್ತಿ, ಪೂರ್ಣಚಂದ್ರ ತೇಜಸ್ವಿ, ರಂ. ಶಾ. ಲೋಕಾಪುರ, ನಾ. ಡಿಸೋಜ. ಘಟಶ್ರಾದ್ಧಕ್ಕೆ ಸಂಗೀತವನ್ನು ಒದಗಿಸಿದವರು ಚೋಮನ ದುಡಿಯ ನಿರ್ದೇಶಕರಾದ ಬಿ. ವಿ. ಕಾರಂತರೇ, ಕ್ಯಾಮರಾ ಹಿಡಿದವರು ಎಸ್. ರಾಮಚಂದ್ರ. ಒಂದು ಚಿತ್ರದ ನಿರ್ದೇಶಕನು ಮತ್ತೊಂದು ಚಿತ್ರದಲ್ಲಿ ಸಹಾಯಕ ಶಿಲ್ಪಿಯಾಗುವ ಈ ವ್ಯವಸ್ಥೆಯು ಬೈಚೋಜ ಮಲ್ಲಿತಮ್ಮರ ವ್ಯವಸ್ಥೆಯನ್ನು ನೆನಪಿಗೆ ತರುತ್ತದೆ. ಇಷ್ಟು ಭಿನ್ನರಾದ ಲೇಖಕರ ವಸ್ತುಗಳನ್ನು ತೆಗೆದುಕೊಂಡರೂ, ವ್ಯವಸ್ಥೆಯ ಎದುರು ನಿಂತ ದುರ್ಬಲನ ಕಡೆಯಿಂದ ಲೋಕವನ್ನು ನೋಡುವ ಒಂದೇ ದೃಷ್ಟಿ ಐದು ದಶಕಗಳುದ್ದಕ್ಕೂ ಅವರಲ್ಲಿ ಅವಿಚ್ಛಿನ್ನವಾಗಿದೆ. ಕರ್ತೃತ್ವವೆಂಬುದಕ್ಕೆ ಏನಾದರೂ ಅರ್ಥವಿದ್ದರೆ ಅದು ಇದೇ.

ಆದುದರಿಂದ ನಮ್ಮ ತೀರ್ಮಾನವನ್ನು ಹೀಗೆ ಹೇಳಬಹುದು. ಶ್ರೇಷ್ಠತೆಯೆಂದರೆ ಕಲೆಯು ಜನತೆಯೊಡನೆ ಹೊಂದಿದ ಸಂಬಂಧವನ್ನು ಬದಲಾಯಿಸುವ ಶಕ್ತಿ ಎಂದಾದರೆ, ಕನ್ನಡದಲ್ಲಿ ಆ ಸ್ಥಾನ ಪುಟ್ಟಣ್ಣನವರದು. ಮೂಲವಸ್ತು ಯಾರದೇ ಆಗಿರಲಿ ಅದನ್ನು ಸ್ವತಂತ್ರವಾದ ದೃಷ್ಟಿಯಿಂದ ಪುನಃ ಆಲೋಚಿಸುವ ಶಕ್ತಿ ಎಂದಾದರೆ ಅದು ಕಾಸರವಳ್ಳಿಯವರದು. ಹಾಸನದ ಲೇಖಕರ ಚಿತ್ರಗಳ ಮಟ್ಟಿಗೆ ಮಾತ್ರ ಹೇಳುವುದಾದರೆ, ಎರಡನೆಯ ಅರ್ಥದಲ್ಲಿ ನಾಯಿನೆರಳನ್ನೂ, ಮೊದಲನೆಯ ಅರ್ಥದಲ್ಲಿ ಭೂತಯ್ಯನ ಮಗ ಅಯ್ಯುವನ್ನೂ ಮೇಲೆ ಇಡುತ್ತೇವೆ. ಈ ಎರಡು ಅಳತೆಗಳನ್ನು ಒಂದರೊಳಗೊಂದು ಬೆರಸಿ ಒಂದೇ ಹೆಸರನ್ನು ಹೊರತೆಗೆಯುವ ಪ್ರಯತ್ನವು ಸೇರಿನಿಂದ ಬಟ್ಟೆಯನ್ನು ಅಳೆಯುವ ಪ್ರಯತ್ನದಂತೆ.

7

ಕೊನೆಯದಾಗಿ ಒಂದು ಮಾತನ್ನು ಹೇಳದಿದ್ದರೆ ಈ ಪ್ರಬಂಧವು ಅಪೂರ್ಣವಾಗುತ್ತದೆ. ತೂಗುವುದಕ್ಕೆ ವಸ್ತು ಉಳಿದಿರಬೇಕು. ದಾಸೋಜನ ಕೆಲಸವನ್ನು ನಾವು ಇಂದಿಗೂ ಹೋಗಿ ನೋಡಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೂ ಸೇರಿದವು. ಆದರೆ ಇನ್ನೂ ನೂರು ವರ್ಷ ತುಂಬದ ಸತಿ ಸುಲೋಚನದ ಪ್ರತಿಯೇ ಉಳಿದಿಲ್ಲ. ವೈ. ವಿ. ರಾಯರು ಎಂತಹ ನಿರ್ದೇಶಕರಾಗಿದ್ದರೆಂಬುದನ್ನು ಕನ್ನಡದ ಆ ಮೊದಲ ಚಿತ್ರದಿಂದ ತೀರ್ಮಾನಿಸುವ ಅವಕಾಶ ಯಾರಿಗೂ ಇಲ್ಲ. ಕಲ್ಲು ಒಂಬೈನೂರು ವರ್ಷ ಬಾಳಿತು. ಫಿಲ್ಮು ಒಂದು ತಲೆಮಾರನ್ನು ದಾಟಲಾರದೆ ಹೋಯಿತು. ಇನ್ನೊಂದು ಕಡೆ, ಘಟಶ್ರಾದ್ಧವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದುದು, ಶ್ರದ್ಧೆಯಿದ್ದರೆ ಏನು ಸಾಧ್ಯವೆಂಬುದನ್ನು ತೋರಿಸಿದೆ. ಇಂತಹ ಭಾಗ್ಯವು ಪ್ರಶಸ್ತಿ ಪಡೆದ ಚಿತ್ರಗಳಿಗೆ ಮಾತ್ರ ಮೀಸಲಾದರೆ, ಮುಂದಿನ ತಲೆಮಾರು ಶ್ರೇಷ್ಠನನ್ನು ಆರಿಸುವುದು ಉಳಿದವರ ನಡುವಿನಿಂದಲೇ ಹೊರತು ಇದ್ದವರ ನಡುವಿನಿಂದಲ್ಲ.

ಅಂತೆಯೇ ಹೆಸರುಗಳ ವಿಷಯ. ಹಳೆಯ ಚಿತ್ರಗಳ ಶೀರ್ಷಿಕೆಗಳಲ್ಲಿ ಕಾಣುವ ಛಾಯಾಗ್ರಾಹಕರು, ಸಂಕಲನಕಾರರು, ಕಲಾನಿರ್ದೇಶಕರು, ಧ್ವನಿಗ್ರಾಹಕರು ಇವರನ್ನು ಪಟ್ಟಿ ಮಾಡುವುದು. ಬದುಕಿರುವವರ ಹೇಳಿಕೆಗಳನ್ನು ದಾಖಲೆ ಮಾಡುವುದು. ಜಿಲ್ಲೆಯ ಊರುಗಳಲ್ಲಿ ಟೆಂಟುಗಳನ್ನು ನಡೆಸಿದವರ ಮನೆಗಳಲ್ಲಿ ಅಕಸ್ಮಾತ್ತಾಗಿ ಉಳಿದಿರಬಹುದಾದ ಹಾಡಿನ ಪುಸ್ತಕಗಳನ್ನೂ ಕರಪತ್ರಗಳನ್ನೂ ಸಂಗ್ರಹಿಸುವುದು: ಇವು ವಿಶ್ವವಿದ್ಯಾಲಯದ ವಿಭಾಗಗಳು ಮಾಡಬಹುದಾದ, ಮಾಡಲೇಬೇಕಾದ ಕೆಲಸಗಳು. ಶಾಸನಗಳ ವಿಷಯದಲ್ಲಿ ಈ ಶ್ರಮವನ್ನು ಹಿಂದಿನವರು ಕೈಗೊಂಡರು. 1902ರಲ್ಲಿ ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದರು. ನರಸಿಂಹಾಚಾರ್ಯರು ಗುಡಿಗುಡಿಗೂ ಹೋಗಿ ರೂವಾರಿಗಳ ಅಂಕಿತಗಳನ್ನು ಓದಿದರು. ಅವರ ಶ್ರಮವಿಲ್ಲದಿದ್ದರೆ ಚಾವಣನ ಹೆಸರು ಧೂಳಿನಡಿಯಲ್ಲಿಯೇ ಉಳಿದು, ಜಕಣಾಚಾರಿಯೊಬ್ಬನೇ ನಮಗೆ ಗೊತ್ತಿರುತ್ತಿದ್ದನು.

ಶ್ರೇಷ್ಠನು ಯಾರೆಂಬ ವಾದವು ನಿಲ್ಲುವುದಿಲ್ಲ, ನಿಲ್ಲಬೇಕಾದ ಅಗತ್ಯವೂ ಇಲ್ಲ. ದಾಸೋಜ ಚಾವಣರೇ ಬಿರುದು ಕಟ್ಟಿಕೊಂಡು ಮೆರೆದಿರುವಾಗ ನಾವು ಅದನ್ನು ಅಲ್ಪವೆನ್ನಲಾರೆವು. ವಾದಿಸುವವರು ಚಿತ್ರದ ಮೊದಲ ಹೆಸರನ್ನು ಉಚ್ಚರಿಸಿದ ಮೇಲೆ ಉಳಿದ ಹೆಸರುಗಳನ್ನೂ ಓದಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ.